ವಾಲ್ವಿಗೆ ಕಟ್ಟಿದ ಮುಡುಪು

ಕೆಲವರು ತಮ್ಮ ಕಸುಬು ಹೇಳಿದ ತಕ್ಷಣ ಎದುರಿಗಿದ್ದವರ ಮುಖ ಅರಳುತ್ತದೆ. ಡಾಕ್ಟರು ಎಂದರೆ ಅಲ್ಲೇ ನಾಲಿಗೆ ಚಾಚಿ ತೋರಿಸುತ್ತಾರೆ, ಮೇಷ್ಟ್ರು ಎಂದರೆ ಮಗನ ಮಾರ್ಕ್ಸಿನ ಸುದ್ದಿ ತೆಗೆಯುತ್ತಾರೆ, ರೈಲ್ವೆಯವರು ಎಂದರೆ ಸೀಟಿಗೆ ಏನಾದರೂ ವ್ಯವಸ್ಥೆ ಆಗುತ್ತದೆಯೇ ಎಂದು ಕೇಳುತ್ತಾರೆ. ನನ್ನ ಕಸುಬು ಹೇಳಿದರೆ ಮಾತ್ರ ಜನ ಸ್ವಲ್ಪ ಹಿಂದಕ್ಕೆ ಸರಿದು ಕೂರುತ್ತಾರೆ. ಕಾರ್ಖಾನೆಗಳಿಗೆ ಹೋಗಿ, ಅಲ್ಲಿ ಇನ್ನೂ ಆಗಿಲ್ಲದ ಅನಾಹುತಗಳು ಯಾವ ಯಾವ ದಾರಿಯಲ್ಲಿ ಆಗಬಹುದು ಎಂದು ಅಲ್ಲಿಯ ಇಂಜಿನಿಯರುಗಳಿಗೆ ಪಾಠ ಹೇಳುವುದು ನನ್ನ ಕೆಲಸ. ಹೆಣ್ಣು ನೋಡಲು ಹೋದಾಗ ಇದನ್ನು ನಮ್ಮ ಮಾವನವರಿಗೆ ವಿವರವಾಗಿ ಹೇಳಿದ್ದೆ. ಅವರು ಗಂಭೀರವಾಗಿ ತಲೆಯಾಡಿಸಿ, "ಅಂದ್ರೆ ಸರ್ಕಾರಿ ಕೆಲಸ ಅಲ್ಲ" ಎಂದರು. ನಮ್ಮ ಅತ್ತೆಯವರ ಅಭಿಪ್ರಾಯ ಇನ್ನೂ ನೇರವಾಗಿತ್ತು. ಅಳಿಯನ ಗುಣವೆಲ್ಲ ಚಿನ್ನ, ಬಾಯಿ ಬಿಟ್ಟರೆ ಮಾತ್ರ ಒಂದು ಒಳ್ಳೆಯ ಮಾತಿಲ್ಲ ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಈ ವಿದ್ಯೆ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವಂಥದ್ದಲ್ಲ, ಮೈಗೆ ಅಂಟಿಕೊಂಡು ಮನೆಗೂ ಬರುತ್ತದೆ. ಕೋಲಾರದ ನಮ್ಮ ಬಾಡಿಗೆ ಮನೆಗೆ ಮೊದಲ ಬಾರಿ ಗ್ಯಾಸ್ ಸಿಲಿಂಡರ್ ಬಂದಾಗ ಬೀದಿಯವರೆಲ್ಲ ನೋಡಲು ಬಂದರು. ನನ್ನ ಹೆಂಡತಿ ಸರೋಜ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹಾಲು ಉಕ್ಕಿಸಬೇಕೆಂದು ಕಾಯುತ್ತಿದ್ದಳು. ನಾನು ಅವಳನ್ನು ನಿಲ್ಲಿಸಿಕೊಂಡು ರಬ್ಬರ್ ಟ್ಯೂಬು ಬಿರುಕು ಬಿಟ್ಟರೆ ಏನಾಗುತ್ತದೆ, ಕಿಟಕಿ ಮುಚ್ಚಿದ್ದರೆ ಏನಾಗುತ್ತದೆ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಹೇಳಿ ಮುಗಿಸುವ ಹೊತ್ತಿಗೆ ಬೀದಿಯವರು ಹೊರಟುಹೋಗಿದ್ದರು, ಹಾಲು ಒಡೆದಿತ್ತು. ಸರೋಜ ಸೀಮೆಎಣ್ಣೆ ಸ್ಟವ್ವನ್ನು ಅಟ್ಟದಿಂದ ಮತ್ತೆ ಇಳಿಸಿಕೊಂಡಳು. ಮಾಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗಲೂ ಹೀಗೇ ಆಯಿತು. ಚಪ್ಪರಕ್ಕೆ ಎರಡನೆಯ ಬಾಗಿಲು ಎಲ್ಲಿದೆ ಎಂದು ಅತ್ತಿತ್ತ ನೋಡುತ್ತಿದ್ದೆ. ಹೆಣ್ಣಿನ ತಂದೆ ನಾನು ಊಟ ಮಾಡದೆ ಹೊರಡುತ್ತಿದ್ದೇನೆಂದು ತಿಳಿದು ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಭಯಕ್ಕೂ ಒಮ್ಮೊಮ್ಮೆ ಹೋಳಿಗೆ ಸಿಗುತ್ತದೆ ಎಂದು ನನಗೆ ತಿಳಿದದ್ದು ಅವತ್ತು.

ಎಂಬತ್ತರ ದಶಕದ ನಡುವಿನ ಮಾತು ಇದು. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು, ಕೋಲಾರಕ್ಕೆ ಬಂದು ಸ್ವತಂತ್ರ ಸಲಹೆಗಾರ ಎಂದು ಬೋರ್ಡು ಹಾಕಿಕೊಂಡಿದ್ದೆ. ಸಲಹೆ ಕೇಳುವವರು ಕಡಿಮೆ, ಬೋರ್ಡು ನೋಡಿ ಜಾತಕ ತರುವವರು ಹೆಚ್ಚು. ಹೀಗಿರುವಾಗ ಸುತ್ತಲಿನ ಸಣ್ಣ ಕಾರ್ಖಾನೆಗಳವರೆಲ್ಲ ಸೇರಿ ತಮ್ಮ ಎಳೆಯ ಇಂಜಿನಿಯರುಗಳಿಗೆ ಒಂದು ವಾರ ತರಬೇತಿ ಕೊಡಿ ಎಂದು ಕೇಳಿಕೊಂಡರು. ನಾನು ಕುಣಿದಾಡಿಬಿಟ್ಟೆ. ನನ್ನ ಪಾಠದಲ್ಲಿ ಇರುವುದೆಲ್ಲ ಒಂದೇ ಪ್ರಶ್ನೆ, "ಹೀಗಾದರೆ?" ಈ ಕೊಳಾಯಿ ಕಟ್ಟಿಕೊಂಡಿತು, ಹೀಗಾದರೆ? ಕರೆಂಟು ಹೋಯಿತು, ಹೀಗಾದರೆ? ಮೊದಲ ದಿನ ಮಾಲೂರಿನ ಹೆಂಚಿನ ಕಾರ್ಖಾನೆಯ ಹುಡುಗ ಆಕಳಿಸುತ್ತಾ, ನಮ್ಮ ಗೂಡು ತಾತನ ಕಾಲದಿಂದ ಉರೀತಾ ಇದೆ ಸಾರ್, ಇದುವರೆಗೆ ಏನೂ ಆಗಿಲ್ಲ ಎಂದ. ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನೇ ಮಧ್ಯಾಹ್ನದ ಊಟಕ್ಕೆ ಕೂತಾಗ ಸಾರಿನ ಪಾತ್ರೆ ಮೇಜಿನ ಅಂಚಿನಲ್ಲಿದೆ, ಒಳಕ್ಕೆ ಸರಿಸಿ ಎಂದು ಹೇಳತೊಡಗಿದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಕೊನೆಯ ದಿನ ಪ್ರಾಯೋಗಿಕ ಪಾಠ. ಶಿಷ್ಯರಲ್ಲಿ ಶ್ರೀಧರ ಎಂಬ ಹುಡುಗ ಶ್ರೀನಿವಾಸಪುರದ ಒಂದು ಮಾವಿನ ಹಣ್ಣಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ. ಹಣ್ಣಿನ ತಿರುಳು ತೆಗೆದು, ಬೇಯಿಸಿ, ಡಬ್ಬಿಗೆ ತುಂಬುವ ಕಾರ್ಖಾನೆ ಅದು. ನಮ್ಮಲ್ಲೇ ಬನ್ನಿ ಸಾರ್, ಬಾಯ್ಲರ್ ತೋರಿಸ್ತೀನಿ ಎಂದು ಅವನೇ ಕರೆದ. ಎಲ್ಲರೂ ಒಂದು ವ್ಯಾನಿನಲ್ಲಿ ಹೋದೆವು. ಒಳ್ಳೆಯ ಸೀಸನ್. ಗೇಟಿನಿಂದಾಚೆಗೆ ತೋತಾಪುರಿ ತುಂಬಿದ ಲಾರಿಗಳು, ಎತ್ತಿನ ಗಾಡಿಗಳು ಸಾಲಾಗಿ ನಿಂತಿದ್ದವು. ಒಳಗೆ ಕಾಲಿಟ್ಟರೆ ಹಣ್ಣಿನ ವಾಸನೆ, ನೊಣ, ಅಂಟು ನೆಲ. ಬಾಯ್ಲರ್ ಮನೆಯಲ್ಲಿ ಯಾವುದೋ ಹಳೆಯ ಮಿಲ್ಲಿನಿಂದ ಕೊಂಡು ತಂದ ಸೌದೆ ಬಾಯ್ಲರ್ ಆನೆಯಂತೆ ಮಲಗಿತ್ತು. ಮೈ ತುಂಬ ವಿಭೂತಿ ಪಟ್ಟೆ, ಹಣೆಗೆ ಕುಂಕುಮ. ಅದನ್ನು ನೋಡಿಕೊಳ್ಳುತ್ತಿದ್ದವನು ಮುನಿವೆಂಕಟಪ್ಪ, ಮುಳಬಾಗಿಲು ಕಡೆಯ ಬೈರಕೂರಿನವನು. ಖಾಕಿ ಚಡ್ಡಿ, ಹೆಗಲ ಮೇಲೆ ಟವೆಲು, ಮುಖದಲ್ಲಿ ಮಗಳ ಮದುವೆ ಚೆನ್ನಾಗಿ ಮಾಡಿ ಮುಗಿಸಿದವನ ಹಾಗೆ ಒಂದು ನೆಮ್ಮದಿ. ಬಾಯ್ಲರನ್ನು ಅವನು 'ಅಮ್ಮ' ಎಂದೇ ಕರೆಯುತ್ತಿದ್ದ.

ನಾನು ಶಿಷ್ಯರನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿ, ಕೈಯಲ್ಲಿ ಕೋಲು ಹಿಡಿದು, ಇಡೀ ಬಾಯ್ಲರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂದು ಕೇಳಿದೆ. ಸೇಫ್ಟಿ ವಾಲ್ವ್ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಹೆಮ್ಮೆಯಿಂದ ಕೋಲನ್ನು ಮೇಲಕ್ಕೆತ್ತಿ ಅದರ ಕಡೆ ತೋರಿಸಿದೆ. ತೋರಿಸಿದವನು ಹಾಗೇ ನಿಂತುಬಿಟ್ಟೆ. ಹಳೆಯ ಕಾಲದ ವಾಲ್ವ್ ಅದು. ಹಬೆ ಹೊರಗೆ ಹೋಗುವ ಬಾಯಿಯನ್ನು ಒಂದು ಉದ್ದನೆಯ ಕಬ್ಬಿಣದ ಪಟ್ಟಿ ಒತ್ತಿ ಹಿಡಿದಿರುತ್ತದೆ. ಪಟ್ಟಿಯ ತುದಿಗೆ ಅಳೆದು ತೂಗಿ ಹಾಕಿದ ಒಂದು ಗುಂಡು. ಒಳಗೆ ಒತ್ತಡ ಮಿತಿ ಮೀರಿದರೆ ಹಬೆ ಆ ಪಟ್ಟಿಯನ್ನು ಎತ್ತಿಕೊಂಡು ಕೂಗುತ್ತಾ ಹೊರಗೆ ಹೋಗುತ್ತದೆ, ಬಾಯ್ಲರ್ ಉಳಿಯುತ್ತದೆ. ಆ ಗುಂಡಿನ ಪಕ್ಕದಲ್ಲೇ, ಪಟ್ಟಿಯ ತುತ್ತತುದಿಗೆ, ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಒಂದು ದಪ್ಪ ತೆಂಗಿನಕಾಯಿ ನೇತಾಡುತ್ತಿತ್ತು. ಏತದ ಆಚೆ ತುದಿಗೆ ಕಲ್ಲು ಕಟ್ಟಿದರೆ ಈಚೆಯವನಿಗೆ ಎಳೆಯುವುದು ಎಷ್ಟು ಕಷ್ಟ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಈ ವಾಲ್ವಿನ ಕಥೆಯೂ ಅದೇ. ಆ ಕಾಯಿ ಅಲ್ಲಿರುವವರೆಗೆ ಹಬೆಗೆ ಬಾಗಿಲು ತೆಗೆಯುವ ಶಕ್ತಿಯಿಲ್ಲ.

ಅದೇನಪ್ಪ ಎಂದು ಕೇಳಿದೆ. ಮುನಿವೆಂಕಟಪ್ಪ ಕೈ ಮುಗಿದು, ತಿಮ್ಮಪ್ಪನ ಮುಡುಪು ಎಂದ. ಬಾಯ್ಲರ್ ಇನ್‌ಸ್ಪೆಕ್ಟರು ಬಂದು ನೋಡಿಕೊಂಡು ಹೋದ ಮೇಲೆ ಸೀಸನ್ ಪೂಜೆ ದಿನ ಕಟ್ಟಿದ್ದಂತೆ. ಅಷ್ಟೂ ಸಾಲದು ಎನ್ನುವ ಹಾಗೆ, "ಮೊದ್ಲೆಲ್ಲ ದಿನಕ್ಕೊಂದ್ಸಲ ಕೂಗ್ತಿತ್ತು ಸಾರ್, ಎದೆ ಝಲ್ಲಂತಿತ್ತು. ಸ್ವಾಮಿ ಬಂದು ಕೂತ ಮೇಲೆ ಅಮ್ಮ ಒಂದ್ಸಲಾನೂ ಕೂಗಿಲ್ಲ" ಎಂದ. ಶ್ರೀಧರನೂ ಹೌದು ಸಾರ್, ಹಬೆ ದಂಡ ಆಗೋದು ನಿಂತುಹೋಗಿದೆ ಎಂದು ಸಂತೋಷದಿಂದ ಸೇರಿಸಿದ. ಹೇಳುತ್ತಾ ಹೇಳುತ್ತಾ ವಾರದ ಪಾಠ ನೆನಪಾಗಿ ಅವನ ಮುಖ ಬಿಳಿಚಿಕೊಂಡಿತು. ನಾನು ಒತ್ತಡದ ಮೀಟರ್ ನೋಡಿದೆ. ಮುಳ್ಳು ಕೆಂಪು ಗೆರೆ ದಾಟಿ ಆಚೆಗಿತ್ತು. ಮೀಟರು ಹಳೇದು ಸಾರ್, ಒಂಚೂರು ಜಾಸ್ತಿ ತೋರಿಸ್ತದೆ ಎಂದು ಮುನಿವೆಂಕಟಪ್ಪ ಸಮಾಧಾನ ಹೇಳಿದ. ನನ್ನ ಕಾಲುಗಳು ಬಾಗಿಲ ಕಡೆ ತಿರುಗಿದ್ದವು. ಆದರೆ ಶಿಷ್ಯರು ನೋಡುತ್ತಿದ್ದಾರಲ್ಲ. ಮೊದಲು ಬೆಂಕಿ ಎಳೆಯಿರಿ ಎಂದೆ.

ಸೌದೆ ಎಳೆದು ಬೆಂಕಿ ಆರಿಸಿ, ಮುಳ್ಳು ಕೆಳಗಿಳಿಯುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ. ಮುಂದಿನ ಕೆಲಸ ಸುಲಭ ಎಂದುಕೊಂಡಿದ್ದೆ. ಗಂಟು ಬಿಚ್ಚಬೇಕು, ಅಷ್ಟೇ. ಆದರೆ ಬಿಚ್ಚುವವರು ಯಾರು? ಮುನಿವೆಂಕಟಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಇದು ಹರಕೆ ಸಾರ್, ತೀರೋವರೆಗೂ ಬಿಚ್ಚಕೂಡದು ಎಂದ. ಅವನ ಮಗಳು ಲಕ್ಷ್ಮಿಗೆ ಎರಡು ಸಲ ಬಸಿರು ಇಳಿದು ಹೋಗಿತ್ತು. ಈಗ ಮೂರನೆಯದು, ಆರು ತಿಂಗಳು ತುಂಬಿತ್ತು, ತವರಿಗೆ ಬಂದಿದ್ದಳು. ಈ ಮಗುವಾದರೂ ಉಳಿಯಲಿ ಎಂದು ಕಟ್ಟಿದ ಮುಡುಪು ಅದು. ಫಿಟ್ಟರ್ ಬಾಷಾನನ್ನು ಕರೆದರು. ಅವನು ಮೇಲೆ ನೋಡಿ, ಆ ಹುಡುಗಿ ವಿಷಯ ನನಗೂ ಗೊತ್ತು ಸಾರ್, ನಮ್ಮನೇಲೂ ಅವಳಿಗೋಸ್ಕರ ದುವಾ ಮಾಡ್ತಾರೆ, ನನ್ನ ಕೈಯಲ್ಲಿ ಬಿಚ್ಚಿಸ್ಬೇಡಿ ಎಂದು ಸ್ಪ್ಯಾನರ್ ಕೆಳಗಿಟ್ಟ. ಹೆಂಚಿನ ಕಾರ್ಖಾನೆಯ ಹುಡುಗ ತನ್ನ ಬೂಟಿನ ದಾರ ಸರಿಮಾಡಿಕೊಳ್ಳತೊಡಗಿದ. ಅಷ್ಟರಲ್ಲಿ ಮ್ಯಾನೇಜರು ಬಂದರು. ಹೊರಗೆ ಲಾರಿಗಟ್ಟಲೆ ಹಣ್ಣು ಬಿಸಿಲಲ್ಲಿದೆ, ಏನು ಮಾಡುತ್ತೀರೋ ಮಾಡಿ, ಬಾಯ್ಲರ್ ಬೇಗ ಹತ್ತಲಿ ಎಂದು ಹೇಳಿ, ಮುಡುಪಿನ ಕಡೆ ಒಮ್ಮೆ ನೋಡಿ, ಕೆನ್ನೆಗೆ ಬಡಿದುಕೊಂಡು ಹೋದರು.

ಸರಿ, ನಾನೇ ಹತ್ತುತ್ತೇನೆ ಎಂದು ಹೊರಟೆ. ವಿಜ್ಞಾನದ ಮಾನ ನನ್ನ ಕೈಯಲ್ಲಿತ್ತು. ಏಣಿ ಹತ್ತಿ, ಗಂಟಿನ ಹತ್ತಿರ ಕೈ ಚಾಚಿದೆ. ಬಟ್ಟೆಯ ಅರಿಸಿನ ಬೆರಳಿಗೆ ತಾಗಿತು. ಆಗ ನನ್ನ ತಲೆಯಲ್ಲಿ, ವಾರವೆಲ್ಲ ನಾನೇ ಉರು ಹೊಡೆಸಿದ ಪ್ರಶ್ನೆ ಎದ್ದು ನಿಂತಿತು. ನಾನು ಇದನ್ನು ಬಿಚ್ಚಿ, ನಾಳೆ ಆ ಹುಡುಗಿಗೆ ಮತ್ತೆ ಹೀಗಾದರೆ? ಕಾಯಿಗೂ ಬಸಿರಿಗೂ ಸಂಬಂಧವಿಲ್ಲ ಎಂದು ಯಾವ ಸಭೆಯಲ್ಲಿ ಬೇಕಾದರೂ ವಾದಿಸುತ್ತೇನೆ. ಆ ಹುಡುಗಿಯ ಎದುರಿಗೆ ನಿಂತು ಹೇಳಬಲ್ಲೆನೇ? ಹೇಳಲಾರೆ ಎಂದು ಏಣಿಯ ಮೇಲೆಯೇ ಗೊತ್ತಾಯಿತು. ಸ್ವಲ್ಪ ಹೊತ್ತು ವಾಲ್ವನ್ನು ಪರೀಕ್ಷಿಸುವವನ ಹಾಗೆ ಬಗ್ಗಿ ನೋಡಿ, ಕೆಳಗಿಳಿದು ಬಂದು, ಈ ಏಣಿ ಸರಿಯಿಲ್ಲ ಎಂದೆ. ಶಿಷ್ಯರೆಲ್ಲ ಭಕ್ತಿಯಿಂದ ಏಣಿಯ ಕಡೆ ನೋಡಿದರು.

ಅದೇ ಹೊತ್ತಿಗೆ ಲಕ್ಷ್ಮಿಯೇ ಬಂದಳು. ಅಪ್ಪನಿಗೆ ದಿನಾ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ತರುವುದು ಅವಳ ಕೆಲಸವಂತೆ. ಬಾಯ್ಲರಿನ ಪಕ್ಕದಲ್ಲಿ ಅವಳಿಗಾಗಿಯೇ ಹಾಕಿಟ್ಟಿದ್ದ ಒಂದು ಹಲಗೆ ಇತ್ತು. ಬಂದವಳು ನಮಗೆಲ್ಲ ಸಂಕೋಚದಿಂದ ನಕ್ಕು, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟುಕೊಂಡು, ಮೆಲ್ಲಗೆ ಆ ಹಲಗೆಯ ಮೇಲೆ ಕುಳಿತಳು. ಸರಿಯಾಗಿ ಅವಳ ತಲೆಯ ಮೇಲೆ ಅವಳ ಮುಡುಪು ತೂಗುತ್ತಿತ್ತು. ನನ್ನ ವಾರದ ಪಾಠವೆಲ್ಲ ಅಲ್ಲಿಗೆ ಒಣ ಮಾತಾಗಿ ಕಂಡಿತು. ಮುನಿವೆಂಕಟಪ್ಪನನ್ನು ಪಕ್ಕಕ್ಕೆ ಕರೆದು ಮತ್ತೆ ಕೇಳಿಕೊಂಡೆ. ಅವನು ಮಗಳನ್ನು ನೋಡಿದ, ಮೀಟರನ್ನು ನೋಡಿದ. "ಕಟ್ಟಿದ್ದು ನಾನಲ್ಲ ಸಾರ್, ಅವಳಮ್ಮ. ಅವಳನ್ನೇ ಕೇಳಿ" ಎಂದ.

ಅವರ ಮನೆ ಕಾರ್ಖಾನೆಯ ಹಿಂದೆಯೇ, ಇಬ್ಬರೂ ಹೋದೆವು. ಅವನ ಹೆಂಡತಿ ನಾರಾಯಣಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದರು. ನಾನು ಕೂತು, ಒತ್ತಡ, ಪಟ್ಟಿ, ಗುಂಡು ಎಂದೆಲ್ಲ ಶುರುಮಾಡಿದೆ. ಆಕೆ ಕೊನೆಯವರೆಗೂ ಕೇಳಿ, ಗಂಡನ ಕಡೆ ತಿರುಗಿ, "ಈಯನಕಿ ಪಿಲ್ಲಲುನ್ನಾರಾ?" ಎಂದರು. ನಮ್ಮ ಕಡೆ ಮುಖ್ಯವಾದ ಮಾತೆಲ್ಲ ತೆಲುಗಿನಲ್ಲೇ ಬರುವುದು. ನನಗೆ ಮಕ್ಕಳಿದ್ದಾರಾ ಎಂದು ಕೇಳಿದ್ದು. ಒಬ್ಬಳು ಮಗಳಿದ್ದಾಳೆ ಎಂದೆ. ನಾನು ಭೌತಶಾಸ್ತ್ರವನ್ನು ಅಲ್ಲಿಗೇ ಬಿಟ್ಟು, "ಅಮ್ಮಾ, ಇದನ್ನ ಯಾರಿಗೋಸ್ಕರ ಕಟ್ಟಿದ್ರೋ ಆ ಹುಡುಗಿ ದಿನಾ ಅದರ ಕೆಳಗೇ ಕೂತ್ಕೋತಾಳೆ. ಆ ಬಾಯ್ಲರ್ ಸಿಡಿದ್ರೆ ಅವಳೂ ಉಳಿಯಲ್ಲ, ಮಗೂನೂ ಉಳಿಯಲ್ಲ. ನನಗೆ ಭಯ ಆಗ್ತಿದೆ" ಎಂದೆ. ಭಯ ಎನ್ನುವ ಮಾತನ್ನು ನಾನು ನನ್ನ ವೃತ್ತಿಯಲ್ಲಿ ಅಷ್ಟು ನಿಜವಾಗಿ ಹೇಳಿದ್ದು ಅದೇ ಮೊದಲು.

ನಾರಾಯಣಮ್ಮ ಸುಲಿಯುತ್ತಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಮೊದಲೆರಡು ಸಲವೂ ಮನೆಯಲ್ಲೇ ಮುಡುಪು ಕಟ್ಟಿದ್ದರಂತೆ, ಫಲಿಸಲಿಲ್ಲವಂತೆ. ಅದಕ್ಕೇ ಈ ಸಲ ಮನೆ ಬೇಡ, ಮನೆಗೆ ಅನ್ನ ಕೊಡುವ ಆ ಅಮ್ಮನ ಮೇಲೆಯೇ, ಯಾರ ಕಾಲೂ ತಾಗದ ಎತ್ತರದಲ್ಲಿ ಕಟ್ಟೋಣ ಎಂದು ತೀರ್ಮಾನಿಸಿದ್ದಂತೆ. ಕೊನೆಗೆ ಆಕೆಯೇ, "ಬಿಚ್ಚಕ್ಕಾಗಲ್ಲ ಸಾರ್. ಬಿಚ್ಚದೆ ಹಂಗೇ ಬೇರೆ ಮನೇಲಿ ಇಡಬಹುದು. ನಿಮ್ಮನೇಲಿ ಇಟ್ಕೊಳ್ಳಿ" ಎಂದರು. ನಾನು ಆಗಲಿ ಎಂದು ತಕ್ಷಣ ಒಪ್ಪಿಕೊಂಡೆ. "ಮುಡುಪು ಇಟ್ಕೊಂಡೋರು ತಿಮ್ಮಪ್ಪನ ಬೆಟ್ಟಕ್ಕೆ ಬಂದು ಮುಡಿ ಕೊಡ್ಬೇಕು" ಎಂದು ಆಮೇಲೆ ಸೇರಿಸಿದರು. ಯಾವ ಕರಾರಿಗಾಗಲಿ ಸಹಿ ಹಾಕುವ ಮೊದಲು ಕೊನೆಯ ಸಾಲಿನವರೆಗೆ ಓದಬೇಕು ಎಂದು ನಾನು ಕ್ಲಾಸಿನಲ್ಲಿ ಹೇಳುವುದುಂಟು.

ಆಕೆ ಸ್ನಾನ ಮಾಡಿ, ಮಡಿಯುಟ್ಟು ಬಂದರು. ನಾನು ಸರಿಯಿಲ್ಲ ಎಂದಿದ್ದ ಏಣಿಯನ್ನೇ ಸರಸರನೆ ಹತ್ತಿ, ಗಂಟು ಬಿಚ್ಚದೆ ದಾರವನ್ನು ಮಾತ್ರ ಜಾರಿಸಿ, ಮುಡುಪನ್ನು ಸೆರಗಿನಲ್ಲಿ ಇಳಿಸಿಕೊಂಡು ನನ್ನ ಕೈಗೆ ಕೊಟ್ಟರು. ಲಕ್ಷ್ಮಿಯನ್ನು ಮನೆಗೆ ಕಳಿಸಿ ಮತ್ತೆ ಬೆಂಕಿ ಹಾಕಿದೆವು. ನಾನು ಮುಡುಪನ್ನು ಎದೆಗೊತ್ತಿಕೊಂಡು, ಮುಳ್ಳು ಕೆಂಪು ಗೆರೆ ಮುಟ್ಟುವಾಗ ಏನಾಗುತ್ತದೆ ಗಮನಿಸಿ, ಯಾರೂ ಹೆದರಬೇಡಿ, ಇದು ಬರೀ ಹಬೆ ಎಂದು ಶಿಷ್ಯರಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಎಷ್ಟೋ ದಿನದಿಂದ ಬಾಯಿ ಕಟ್ಟಿಸಿಕೊಂಡಿದ್ದ ಆ ವಾಲ್ವ್ ಒಮ್ಮೆಗೇ ಅರಚಿತು. ಮುಂದೆ ನನಗೆ ನೆನಪಿರುವುದು ಗೇಟಿನಾಚೆ ಒಂದು ಎತ್ತಿನ ಗಾಡಿಯ ಪಕ್ಕ ನಾನು ಏದುಸಿರು ಬಿಡುತ್ತಾ ನಿಂತಿದ್ದದ್ದು. ಶಿಷ್ಯರೆಲ್ಲ ಬಾಯ್ಲರ್ ಮನೆಯಲ್ಲೇ ಇದ್ದರು, ಹೆದರಬೇಡಿ ಎಂದು ನಾನು ಹೇಳಿದ್ದನ್ನು ಅವರು ನಂಬಿದ್ದರು. ಮುಡುಪು ನನ್ನ ಕೈಯಲ್ಲಿ ಭದ್ರವಾಗಿತ್ತು, ಅಷ್ಟರ ಮಟ್ಟಿಗೆ ಮಾನ ಉಳಿಯಿತು.

ಸರೋಜಳಿಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಮುಡುಪನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ದೇವರ ಮನೆಯ ಮೊಳೆಗೆ ತೂಗುಹಾಕಿದಳು. ಅಲ್ಲಿಂದ ನನ್ನ ನಿಜವಾದ ಕಷ್ಟ ಶುರುವಾಯಿತು. ಮೊಳೆ ಸಡಿಲವಾದರೆ? ಇಲಿ ಬಟ್ಟೆ ಕಡಿದರೆ? ಕಾಯಿ ಬಿರಿದರೆ? ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ಎರಡನೆಯ ದಾರ ಕಟ್ಟಿದೆ. ಕೆಳಗೆ ಹಾಸಿಗೆ ಹಾಸಿಟ್ಟೆ. ಮಗಳಿಗೆ ದೇವರ ಮನೆಯ ಹತ್ತಿರ ಚೆಂಡಾಟ ನಿಷೇಧಿಸಿದೆ. ಯಾವ ಕಾರ್ಖಾನೆಯಲ್ಲೂ ನನ್ನ ಸಲಹೆಗಳನ್ನು ಅಷ್ಟು ಪೂರ್ತಿಯಾಗಿ ಯಾರೂ ಜಾರಿಗೆ ತಂದಿರಲಿಲ್ಲ. ಕೆಲಸಕ್ಕೆ ಹೊರಡುವಾಗ ಒಮ್ಮೆ, ಬಂದ ಮೇಲೆ ಒಮ್ಮೆ ಅದನ್ನು ನೋಡಿಕೊಳ್ಳುತ್ತಿದ್ದೆ. ಇದಕ್ಕೂ ಹೆರಿಗೆಗೂ ಏನೂ ಸಂಬಂಧವಿಲ್ಲ ಅಂತ ನೀವೇ ಹೇಳ್ತೀರಲ್ಲ ಎಂದು ಸರೋಜ ಕೇಳಿದಳು. ಸಂಬಂಧವಿಲ್ಲ ನಿಜ, ಆದರೆ ಕೊಟ್ಟವರ ನಂಬಿಕೆ ದೊಡ್ಡದು ಎಂದೆ. ಹೇಳಲು ಚೆನ್ನಾಗಿತ್ತು. ಒಳಗೆ ಇದ್ದದ್ದು ಆ ಹಲಗೆಯ ಮೇಲೆ ಮೆಲ್ಲಗೆ ಕುಳಿತ ಹುಡುಗಿಯ ಮುಖ. ಅವಳ ಮಗು ಉಳಿಯಬೇಕು ಎಂದು ನಾನು ಯಾವುದೋ ಒಂದು ದೇವರನ್ನು ಕೇಳಲಿಲ್ಲ, ಸುಮ್ಮನೆ ಎಲ್ಲ ದೇವರನ್ನೂ ಕೇಳಿದೆ.

ಸೀಸನ್ ಮುಗಿದು, ಮಳೆ ಬಂದು ಹೋದ ಮೇಲೆ, ಶ್ರೀಧರ ಬೆಳಗಿನ ಬಸ್ಸಿಗೇ ಬಂದು ಬಾಗಿಲು ತಟ್ಟಿದ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಸಾರ್ ಎಂದ. ನಾನು ಅವನನ್ನು ಬಾಗಿಲಲ್ಲೇ ಅಪ್ಪಿಕೊಂಡೆ. ಸರೋಜ ಗ್ಯಾಸ್ ಒಲೆಯ ಮೇಲೆ ಪಾಯಸಕ್ಕಿಟ್ಟಳು, ನಾನು ಕಿಟಕಿ ತೆಗೆದಿದೆಯೇ ಎಂದು ಕೂಡ ನೋಡಲಿಲ್ಲ.

ಮಗುವಿನ ಕತ್ತು ನಿಂತ ಮೇಲೆ ಎಲ್ಲರೂ ಬೆಟ್ಟಕ್ಕೆ ಹೋದೆವು. ಮುಡುಪು ಸಲ್ಲಿಸಿ, ಮುನಿವೆಂಕಟಪ್ಪನೂ ನಾನೂ ಅಕ್ಕಪಕ್ಕ ಕೂತು ಮುಡಿ ಕೊಟ್ಟೆವು. ಎದ್ದು ಒಬ್ಬರನ್ನೊಬ್ಬರು ನೋಡಿಕೊಂಡಾಗ ಅವನೂ ನಾನೂ ಒಂದೇ ಮನೆಯ ಅಣ್ಣ ತಮ್ಮಂದಿರ ಹಾಗಿದ್ದೆವು. ದರ್ಶನ ಮುಗಿಸಿ ಒಂದು ಮರದ ನೆರಳಲ್ಲಿ ಕೂತಾಗ ಮಗು ಕೈಯಿಂದ ಕೈಗೆ ದಾಟುತ್ತಿತ್ತು. ಅಜ್ಜಿಯ ಮಡಿಲಿಂದ ಸರೋಜಳ ಮಡಿಲಿಗೆ, ಅಲ್ಲಿಂದ ಮುನಿವೆಂಕಟಪ್ಪನ ತೊಡೆಗೆ. ಕೊನೆಗೆ ಲಕ್ಷ್ಮಿ ತಾನೇ ಎತ್ತಿ ತಂದು, "ನೀವೂ ಎತ್ಕೊಳ್ಳಿ ಸಾರ್" ಎಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಮಗು ನನ್ನ ಬೋಳು ತಲೆಯನ್ನೇ ದೃಷ್ಟಿಸಿ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ತಲೆಯೊಳಗೆ ಯಾವ 'ಹೀಗಾದರೆ'ಯೂ ಇರಲಿಲ್ಲ. ಇಂಥ ನೆಮ್ಮದಿಯೂ ಉಂಟೇ ಎಂದು ಕಣ್ಣು ಮುಚ್ಚಿಕೊಂಡೆ.

ಹೊಸ ಪಂಚೆಯ ಮೇಲೆ ಬೆಚ್ಚಗೆ ಹರಿದಾಗಲೇ ಕಣ್ಣು ಬಿಟ್ಟದ್ದು. ಎಲ್ಲರೂ ನಗುತ್ತಿದ್ದರು. ನೋಡಿದರೆ ಸರೋಜಳ ಮಡಿಲಲ್ಲಿ ಮಡಿಸಿದ ಟವೆಲಿತ್ತು, ನಾರಾಯಣಮ್ಮನ ಮಡಿಲಲ್ಲಿ ಹಳೆಯ ಸೀರೆಯ ತುಂಡಿತ್ತು, ಮುನಿವೆಂಕಟಪ್ಪ ಕೂಡ ತೊಡೆಯ ಮೇಲೆ ತನ್ನ ಹೆಗಲ ವಸ್ತ್ರ ಹಾಸಿಕೊಂಡೇ ಮಗುವನ್ನು ಎತ್ತಿಕೊಂಡಿದ್ದ. ಆಗಬಹುದಾದದ್ದನ್ನು ಮುಂಚಿತವಾಗಿ ಯೋಚಿಸಿ ವ್ಯವಸ್ಥೆ ಮಾಡಿಕೊಳ್ಳಿ ಎಂದು ಊರೂರು ಸುತ್ತಿ ಪಾಠ ಹೇಳುವವನೊಬ್ಬನೇ ಬರಿ ಪಂಚೆಯಲ್ಲಿ ಕೂತಿದ್ದ.